ಮೇ ತಿಂಗಳ ಮರಗಸಿ ಸೌದೆ ಜುಲೈನಲ್ಲಿ ಯಾಕೆ ಉರಿಯೋದಿಲ್ಲ?

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕು. ಅಡಿಕೆ, ಜೊತೆಗೆ ಸ್ವಲ್ಪ ಕಾಫಿ ಇದೆ. ಮಳೆಗಾಲದ ಥಂಡಿಗೆ ಅಮ್ಮನ ಕೈಕಾಲು ಹಿಡಿದುಕೊಳ್ಳುತ್ತದೆ ಅಂತ ಹೋದ ವರ್ಷ ಅವರ ಕೋಣೆಯಲ್ಲಿ ಗಾಜಿನ ಬಾಗಿಲಿನ ಚಿಕ್ಕ ಕಬ್ಬಿಣದ ಒಲೆ ಕೂರಿಸಿದೆವು. ಈ ಮೇ ತಿಂಗಳಲ್ಲಿ ಮರಗಸಿ (ತೋಟದ ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಮಾಡಿಸಿದಾಗ ಸಿಕ್ಕಿದ ಸೌದೆಯನ್ನೆಲ್ಲ ಅಂಗಳದಲ್ಲಿ ಒಟ್ಟಿ, ಮಳೆ ಬೀಳದ ಹಾಗೆ ಟಾರ್ಪಾಲ್ ಸುತ್ತಿದ್ದೆವು. ಈಗ ಜುಲೈ. ಒಲೆಗೆ ಹಾಕಿದರೆ ಬರೀ ಹೊಗೆ. ಗಾಜು ಒಂದೇ ಸಂಜೆಗೆ ಕಪ್ಪಾಗುತ್ತದೆ. ಪೈಪಿನ ಸಂದಿಯಿಂದ ಕಪ್ಪು ನೀರು ಸೋರುತ್ತದೆ. ರಾಶಿಯಲ್ಲಿ ಸಿಲ್ವರ್ ಓಕ್, ಅಕೇಶಿಯಾ, ಹಲಸಿನ ಕೊಂಬೆ, ಹಾಲುವಾಣ, ಕಿತ್ತ ಕಾಫಿ ಬೊಡ್ಡೆ, ಬಿದ್ದ ಅಡಿಕೆ ಮರ ಎಲ್ಲ ಇವೆ. ಇದರಲ್ಲಿ ಯಾವುದು ಒಲೆಗೆ ಆಗುತ್ತದೆ? ಎಷ್ಟು ದಿನ ಒಣಗಿಸಬೇಕು? ಒಲೆಯೇ ಸರಿ ಇಲ್ಲವೋ? ಪಿಕಪ್‌ನಲ್ಲಿ ಸೌದೆ ತರುವವರೊಬ್ಬರು ‘ಎರಡು ವರ್ಷದ ಹಳೇ ಸೌದೆ’ ಅನ್ನುತ್ತಾರೆ. ನಂಬಿ ತೆಗೆದುಕೊಳ್ಳಬಹುದಾ?

ಉತ್ತರ: ನಿಮ್ಮ ಒಲೆಗೆ ಏನೂ ಆಗಿಲ್ಲ. ಪೈಪ್ ಜೋಡಿಸಿದ್ದರಲ್ಲಿ ಒಂದು ಸಣ್ಣ ತಪ್ಪು ಇರಬಹುದು, ಅದನ್ನು ಆಮೇಲೆ ನೋಡೋಣ. ತೊಂದರೆ ಸೌದೆಯದ್ದು. ಅದರಲ್ಲೂ ಮರದ ಜಾತಿಯದ್ದಲ್ಲ, ತಿಂಗಳಿನದ್ದು. ಮೇ ತಿಂಗಳಲ್ಲಿ ಕಡಿದ ಮರಕ್ಕೆ ಒಣಗಲು ಸಿಕ್ಕಿದ್ದು ಮೂರೋ ನಾಲ್ಕೋ ವಾರ. ಜೂನ್ ಬಂದ ಮೇಲೆ ನಮ್ಮ ಕಡೆ ಯಾವ ಸೌದೆಯೂ ಒಣಗುವುದಿಲ್ಲ. ಮೊದಲೇ ಒಣಗಿದ್ದನ್ನು ಕಾಪಾಡಿಕೊಳ್ಳಬಹುದು, ಅಷ್ಟೇ. ಯಾವ ಮರ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಯಾವ ತಿಂಗಳಲ್ಲಿ ಸೀಳಿದ್ದು ಅಂತ ಕೇಳುವವರು ಕಮ್ಮಿ. ಡಿಸೆಂಬರ್‌ನಲ್ಲಿ ಸೀಳಿದ ಸಾಧಾರಣ ಸಿಲ್ವರ್ ಓಕ್, ಮೇನಲ್ಲಿ ಕಡಿದ ಒಳ್ಳೇ ಮತ್ತಿಗಿಂತ ಚೆನ್ನಾಗಿ ಉರಿಯುತ್ತದೆ.

ಮೊದಲು ಹಸಿ ಸೌದೆಯೊಳಗೆ ಏನಿದೆ ನೋಡಿ. ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರು. ಹತ್ತು ಕೆ.ಜಿ. ಹಸಿ ತುಂಡು ಅಂದರೆ ಐದು ಕೆ.ಜಿ. ಮರ, ಐದು ಕೆ.ಜಿ. ನೀರು. ಅದು ಒಲೆಗೆ ಲಾಯಕ್ಕಾಗುವುದು ನೀರು ಒಂದು ಕೆ.ಜಿ.ಗೆ ಇಳಿದಾಗ. ಅಂದರೆ ಹತ್ತು ಕೆ.ಜಿ. ತುಂಡು ಆರು ಕೆ.ಜಿ. ಆಗಬೇಕು. ಈ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ನೀರನ್ನು ಆವಿ ಮಾಡುವುದಕ್ಕೇ ಶಾಖವೆಲ್ಲ ಹೋಗುತ್ತದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ. ಲೆಕ್ಕ ಹಾಕಿ ನೋಡೋಣ. ಒಂದು ಕೆ.ಜಿ. ನೀರನ್ನು ಕಾಯಿಸಿ ಆವಿ ಮಾಡಲು ಕರೆಂಟಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್‌ಗಿಂತ ಸ್ವಲ್ಪ ಕಮ್ಮಿ ಶಾಖ ಸಾಕು. ಐದು ಕೆ.ಜಿ. ನೀರಿಗೆ ಸುಮಾರು ಮೂರೂವರೆ ಯೂನಿಟ್. ಐದು ಕೆ.ಜಿ. ಒಣ ಮರದಲ್ಲಿ ಇರುವುದು ಸುಮಾರು 25 ಯೂನಿಟ್. ಅಂದರೆ ನೀರು ತಿನ್ನುವುದು ಏಳರಲ್ಲಿ ಒಂದು ಪಾಲು ಮಾತ್ರ. ಹಾಗಿದ್ದರೆ ಉಳಿದದ್ದು ಎಲ್ಲಿ ಹೋಯಿತು?

ಹೊಗೆಯಲ್ಲಿ ಹೋಯಿತು. ಮರ ಕಾದಾಗ ಅದರ ತೂಕದ ಮುಕ್ಕಾಲು ಭಾಗ ಅನಿಲವಾಗಿ ಹೊರಗೆ ಬರುತ್ತದೆ. ನಾವು ಉರಿ ಅಂತ ನೋಡುವುದು ಆ ಅನಿಲ ಹೊತ್ತಿಕೊಂಡದ್ದನ್ನೇ. ಅದು ಪೂರ್ತಿ ಸುಡಬೇಕಾದರೆ ಒಲೆಯೊಳಗೆ ಸುಮಾರು 600 ಡಿಗ್ರಿ ಶಾಖ ಬೇಕು. ಹಸಿ ಸೌದೆಯ ನೀರು ಆ ಶಾಖ ಏರಲು ಬಿಡುವುದಿಲ್ಲ. ಅನಿಲ ಸುಡದೆ ಹಾಗೇ ಮೇಲೆ ಹೋಗುತ್ತದೆ. ಸ್ವಲ್ಪ ಗಾಜಿಗೆ ಹಿಡಿಯುತ್ತದೆ, ಸ್ವಲ್ಪ ತಣ್ಣನೆಯ ಪೈಪಿಗೆ ತಾಗಿ ಟಾರಿನಂತೆ ಅಂಟುತ್ತದೆ, ಉಳಿದದ್ದು ಹೊಗೆ. ನಿಮ್ಮ ಪೈಪಿನಿಂದ ಸೋರುವ ಕಪ್ಪು ನೀರು ಸೌದೆಯೊಳಗಿನ ನೀರು ಮತ್ತು ಈ ಟಾರು ಸೇರಿದ್ದು. ಮಳೆ ನೀರು ಅಂದುಕೊಂಡು ಮೇಲೆ ಟೋಪಿ ಬದಲಾಯಿಸಿದರೆ ನಿಲ್ಲುವುದಿಲ್ಲ.

ಈಗ ನಿಮ್ಮ ರಾಶಿಗೆ ಬರೋಣ. ಒಟ್ಟಿಗೆ ಒಟ್ಟಿದ್ದನ್ನು ಮೊದಲು ಬೇರೆ ಮಾಡಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಒಣಗಿದ ಮೇಲೆ ಒಂದು ಕೆ.ಜಿ. ಹಾಲುವಾಣಕ್ಕೂ ಒಂದು ಕೆ.ಜಿ. ಅಕೇಶಿಯಾಕ್ಕೂ ಶಾಖದಲ್ಲಿ ಅಂಥಾ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಒಂದು ಕೆ.ಜಿ.ಗೆ ಎಷ್ಟು ದೊಡ್ಡ ಹೊರೆ ಆಗುತ್ತದೆ, ಎಷ್ಟು ಬೇಗ ಉರಿದು ಮುಗಿಯುತ್ತದೆ, ಕೆಂಡ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದರಲ್ಲಿ. ಹಾಗಾಗಿ ಜಾತಿ ನೋಡಿ ‘ಒಳ್ಳೆಯದು, ಕೆಟ್ಟದ್ದು’ ಅಂತ ವಿಂಗಡಿಸಬೇಡಿ. ಬೇಗ ಒಣಗುವುದು ಯಾವುದು, ತಡವಾಗಿ ಒಣಗುವುದು ಯಾವುದು ಅಂತ ವಿಂಗಡಿಸಿ.

ಸಿಲ್ವರ್ ಓಕ್ ನಿಮ್ಮ ಮುಖ್ಯ ಸೌದೆ ಆಗಬೇಕು. ತೋಟದಲ್ಲಿ ಧಾರಾಳ ಸಿಗುತ್ತದೆ, ಹಸಿ ಇದ್ದಾಗ ಸೀಳುವುದು ಸುಲಭ, ಬೇಗ ಒಣಗುತ್ತದೆ, ಉರಿ ಚೆನ್ನಾಗಿ ಏಳುತ್ತದೆ. ಕೆಂಡ ಮಾತ್ರ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಸೀಳದೆ ದಿಮ್ಮಿಯಾಗೇ ಬಿಟ್ಟರೆ ಒಂದು ಮಳೆಗಾಲದಲ್ಲಿ ಕುಟ್ಟೆ ಹಿಡಿದು ಕುಂಬಾಗಲು ಶುರುವಾಗುತ್ತದೆ. ಕುಂಬಾದ ಸೌದೆ ನೋಡಲು ಒಣಗಿದ ಹಾಗೆ ಹಗುರ ಇರುತ್ತದೆ. ಆದರೆ ಸುಡುವ ಸತ್ವ ಹೋಗಿರುತ್ತದೆ. ಮಳೆಗಾಲದಲ್ಲಿ ನೀರು ಬೇರೆ ಎಳೆದುಕೊಳ್ಳುತ್ತದೆ.

ಅಕೇಶಿಯಾ ಗಟ್ಟಿ ಮರ, ಕೆಂಡಕ್ಕೆ ಒಳ್ಳೆಯದು. ರಾತ್ರಿ ಮಲಗುವ ಮುಂಚೆ ಹಾಕಲು ನಿಮ್ಮ ರಾಶಿಯಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಒಳಗಿನ ಚೇಗು ಸುಲಭಕ್ಕೆ ನೀರು ಬಿಟ್ಟುಕೊಡುವುದಿಲ್ಲ. ತೆಳ್ಳಗೆ ಸೀಳಿದ್ದರೆ ಒಂದು ಬೇಸಿಗೆ ಸಾಕು, ದಪ್ಪ ಇದ್ದರೆ ಎರಡು ಬೇಸಿಗೆ ಅಂತಲೇ ಇಟ್ಟುಕೊಳ್ಳಿ.

ಹಲಸಿನ ಕೊಂಬೆ ನಡುವಿನದ್ದು. ತೊಗಟೆಯಲ್ಲಿ ಮೇಣ ಇರುವುದರಿಂದ ಹಸಿಯಾಗಿ ಹಾಕಿದರೆ ಹೊಗೆ ಜಾಸ್ತಿ. ಕೊಂಬೆ ಸರಿ, ಆದರೆ ದಪ್ಪ ಕಾಂಡ ಸಿಕ್ಕಿದರೆ ಒಲೆಗೆ ಹಾಕಬೇಡಿ. ಹಲಗೆ ಕೊಯ್ಸಿ. ಹಲಸಿನ ಹಲಗೆಗೆ ಇರುವ ಬೆಲೆಯಲ್ಲಿ ಎಷ್ಟೋ ಹೊರೆ ಸೌದೆ ಬರುತ್ತದೆ.

ಹಾಲುವಾಣ ಬಿಡಿ. ಹಸಿ ಇದ್ದಾಗ ಹಿಂಡಿದರೆ ನೀರು ಬರುತ್ತದೇನೋ ಅನ್ನುವ ಹಾಗೆ ಇರುತ್ತದೆ, ಒಣಗಿದರೆ ಭುಗ್ಗೆಂದು ಉರಿದು ಮುಗಿಯುತ್ತದೆ. ಒಟ್ಟಿ, ಮುಚ್ಚಿ, ಕಾಯುವಷ್ಟು ಬೆಲೆಬಾಳುವ ಸೌದೆ ಅದಲ್ಲ. ಮೆಣಸಿನ ಬಳ್ಳಿಗೆ ಆಸರೆಯಾಗಿ ಇರಲಿ, ಸವರಿದ್ದು ಗಿಡದ ಬುಡಕ್ಕೆ ಬಿದ್ದು ಗೊಬ್ಬರವಾಗಲಿ.

ಅಡಿಕೆ ಮರವನ್ನು ದಬ್ಬೆ ಮಾಡಿ ಇಡಿ. ಒಳಗಿನ ಮೆತ್ತನೆ ತಿರುಳನ್ನು ಕೆತ್ತಿ ತೆಗೆದರೆ ಹೊರಗಿನ ಗಟ್ಟಿ ಪಟ್ಟಿ ಬೇಗ ಒಣಗುತ್ತದೆ. ಬೆಂಕಿ ಹೊತ್ತಿಸಲು ಅದಕ್ಕಿಂತ ಬೇಕಾ? ಅದರ ಜೊತೆ ಎರಡು ತೆಂಗಿನ ಕರಟ ಇಟ್ಟರೆ ಸೀಮೆಎಣ್ಣೆ, ಪ್ಲಾಸ್ಟಿಕ್ ಯಾವುದೂ ಬೇಡ. ಪ್ಲಾಸ್ಟಿಕ್ ಅಂತೂ ಅಮ್ಮನ ಕೋಣೆಯ ಒಲೆಗೆ ಹಾಕಲೇಬೇಡಿ. ಪೇಂಟ್ ಹೊಡೆದ ಹಳೇ ಕಿಟಕಿ, ಪ್ಲೈವುಡ್ ಚೂರು, ಗೆದ್ದಲು ಮದ್ದು ಬಳಿದ ಪಕಾಸಿ ಇವೂ ಬೇಡ.

ಕಾಫಿ ಬೊಡ್ಡೆ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಸೌದೆಯಾಗಿ ಅದು ಉತ್ತಮ. ಸಣ್ಣ ನಾರಿನ, ಗಟ್ಟಿ ಮರ. ನಿಧಾನವಾಗಿ ಉರಿದು ಕೆಂಡ ಉಳಿಸುತ್ತದೆ. ಆದರೆ ನೀವು ಗಿಡ ಕಿತ್ತದ್ದು ಯಾಕೆ? ಹಳೇ ಗಿಡ ಅಂತ ಕಿತ್ತಿದ್ದರೆ ಪರವಾಗಿಲ್ಲ. ಅರೇಬಿಕಾ ಗಿಡಕ್ಕೆ ಬೋರರ್ ಹಿಡಿದು ಕಿತ್ತಿದ್ದರೆ ಅದನ್ನು ಸೌದೆ ಅಂತ ಒಟ್ಟಿ ಇಡುವುದೇ ತಪ್ಪು. ಬಿಳಿ ಕಾಂಡಕೊರಕದ ಹುಳು ಕಾಂಡದೊಳಗೆ ಜೀವಂತವಾಗಿರುತ್ತದೆ. ಏಪ್ರಿಲ್-ಮೇ ಹೊತ್ತಿಗೆ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ದುಂಬಿಯಾಗಿ ಹೊರಗೆ ಬರುತ್ತದೆ. ನಿಮ್ಮ ಸೌದೆ ರಾಶಿಯಿಂದ ಹಾರಿ ಸೀದಾ ನಿಮ್ಮದೇ ತೋಟಕ್ಕೆ ಹೋಗುತ್ತದೆ. ಕಾಂಡದ ಮೇಲೆ ಉಬ್ಬಿದ ಏಣು, ಅಡ್ಡ ಕೊಯ್ದರೆ ಒಳಗೆ ಹುಡಿ ತುಂಬಿದ ಸುರಂಗ ಕಂಡರೆ ಆ ಬೊಡ್ಡೆ ರಾಶಿಗೆ ಬೇಡ. ಈ ತಿಂಗಳಲ್ಲೇ ಬಚ್ಚಲು ಒಲೆಗೆ ಹಾಕಿ ಮುಗಿಸಿ. ಹಂಡೆ ಒಲೆಗೆ ಸ್ವಲ್ಪ ಹಸಿ ಇದ್ದರೂ ನಡೆಯುತ್ತದೆ. ಅಕ್ಟೋಬರ್‌ವರೆಗೆ ಒಂದೂ ಉಳಿಯಬಾರದು.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಮರದ ಬಗ್ಗೆಯೂ ಎಚ್ಚರ ಇರಲಿ. ಹೊಲಗೇರಿನಂಥ, ಸೊನೆ ತಾಗಿದರೆ ಮೈ ಸುಡುವ ಮರ. ಕೆಲಸದವರಿಗೆ ಗೊತ್ತಿರುತ್ತದೆ, ಅವರು ಮುಟ್ಟುವುದೇ ಇಲ್ಲ. ಪೇಟೆಯಿಂದ ಬಂದವರು ರಾಶಿಯಲ್ಲಿ ಸೇರಿಸಿಬಿಡುತ್ತಾರೆ. ಕಣಗಿಲೆ ಕಡ್ಡಿಯೂ ಒಲೆಗೆ ಬೇಡ.

ಮತ್ತಿ, ನಂದಿ, ಹೊನ್ನೆ ಇದ್ದರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಸೌದೆಯಾಗಿ ಚೆನ್ನಾಗೇ ಇರುತ್ತವೆ. ಆದರೆ ಕೊಂಬೆ ಸವರುವುದು ಬೇರೆ, ಮರ ಉರುಳಿಸುವುದು ಬೇರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಮೀನಿನ ಮರ ಕಡಿಯುವುದಕ್ಕೂ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರದಂಥ ಕೆಲವು ಜಾತಿಗೆ ಮಾತ್ರ ವಿನಾಯಿತಿ. ಕಡಿಯುವ ಮುಂಚೆ ರೇಂಜ್ ಆಫೀಸಿನಲ್ಲಿ ಒಂದು ಮಾತು ಕೇಳಿ.

ಇನ್ನು ಒಣಗಿಸುವುದು. ಮರದೊಳಗಿನ ನೀರು ಉದ್ದಕ್ಕೆ ಹರಿಯುವಷ್ಟು ಸುಲಭವಾಗಿ ಅಡ್ಡಕ್ಕೆ ಹರಿಯುವುದಿಲ್ಲ. ಮರ ಬದುಕಿದ್ದಾಗ ಬೇರಿನಿಂದ ತುದಿಗೆ ನೀರು ಏರಿದ ದಾರಿಯಲ್ಲೇ ಅದು ಹೊರಗೂ ಹೋಗುತ್ತದೆ. ತೊಗಟೆ ನೀರನ್ನು ಒಳಗೇ ಹಿಡಿದಿಡುತ್ತದೆ. ಹಾಗಾಗಿ ಆರಡಿ ದಿಮ್ಮಿಯನ್ನು ಎರಡು ವರ್ಷ ನೆರಳಲ್ಲಿ ಇಟ್ಟರೂ ನಡುಭಾಗ ಹಸಿಯಾಗೇ ಇರಬಹುದು. ಅದೇ ದಿಮ್ಮಿಯನ್ನು ಒಂದಡಿ ತುಂಡು ಮಾಡಿ ಸೀಳಿದರೆ ಒಂದು ಬೇಸಿಗೆಯಲ್ಲಿ ಮುಗಿಯುತ್ತದೆ. ಮೊದಲು ತುಂಡು ಮಾಡಿ, ಆಮೇಲೆ ಸೀಳಿ, ಆಮೇಲೆ ಒಟ್ಟಿ. ನಮ್ಮ ಕಡೆ ಉಲ್ಟಾ ಮಾಡುತ್ತಾರೆ. ಉದ್ದನೆ ಕೊಂಬೆ ಒಟ್ಟಿ ಇಟ್ಟು, ಬೇಕಾದಾಗ ಬೇಕಾದಷ್ಟು ಕಡಿದುಕೊಳ್ಳುವುದು. ದೊಡ್ಡ ಬಾಯಿಯ ಬಚ್ಚಲು ಒಲೆಗೆ ಅದು ನಡೆಯುತ್ತದೆ. ಮುಚ್ಚಿದ ಕಬ್ಬಿಣದ ಒಲೆಗೆ ನಡೆಯುವುದಿಲ್ಲ.

ಉದ್ದ ಎಷ್ಟಿರಬೇಕು ಅಂದರೆ ಒಲೆಯ ಒಳಗಿನ ಉದ್ದಕ್ಕಿಂತ ಎರಡು ಮೂರು ಇಂಚು ಕಮ್ಮಿ. ದಪ್ಪ ಮೂರರಿಂದ ನಾಲ್ಕು ಇಂಚು ದಾಟಬಾರದು. ಮಣಿಕಟ್ಟಿಗಿಂತ ದಪ್ಪ ಇರುವ ಕೊಂಬೆಯನ್ನು ಒಂದಾದರೂ ಏಟು ಹಾಕಿ ಸೀಳಿ. ಎರಡು ಹೋಳಾದರೂ ಆಯಿತು, ಒಂದು ಕಡೆ ತೊಗಟೆ ಇಲ್ಲದ ಮುಖ ಸಿಕ್ಕಿದರೆ ಸಾಕು. ಸೀಳುವುದಿದ್ದರೆ ಹಸಿ ಇದ್ದಾಗಲೇ ಸೀಳಿ. ಅಕೇಶಿಯಾ, ಕಾಫಿ ಬೊಡ್ಡೆ ಒಣಗಿದ ಮೇಲೆ ಕೊಡಲಿ ವಾಪಸ್ ಎಗರುತ್ತದೆ.

ಈಗ ತಿಂಗಳ ಲೆಕ್ಕ. ಮರದ ತೇವ ಗಾಳಿಯ ತೇವಕ್ಕೆ ತಕ್ಕ ಹಾಗೆ ನಿಲ್ಲುತ್ತದೆ. ಗಾಳಿಯಲ್ಲಿ ಆರ್ದ್ರತೆ ಶೇ 50-60 ಇದ್ದರೆ, ಅಂದರೆ ನಮ್ಮ ಫೆಬ್ರವರಿ-ಮಾರ್ಚ್ ಮಧ್ಯಾಹ್ನದ ಹಾಗೆ, ಸೌದೆ ಒಣಗುತ್ತಾ ಶೇ 10ರ ಹತ್ತಿರಕ್ಕೆ ಹೋಗಲು ನೋಡುತ್ತದೆ. ಜುಲೈನ ಶೇ 90ರ ಗಾಳಿಯಲ್ಲಿ ಎಷ್ಟೇ ಕಾದರೂ ಶೇ 20ರ ಕೆಳಗೆ ಇಳಿಯುವುದಿಲ್ಲ. ಆ 20ಕ್ಕೆ ಬರುವುದಕ್ಕೂ ಎಷ್ಟು ತಿಂಗಳು ಬೇಕೋ! ಆದರೆ ಇದರಲ್ಲೇ ಒಂದು ಒಳ್ಳೆಯ ಸುದ್ದಿಯೂ ಇದೆ. ಏಪ್ರಿಲ್‌ನಲ್ಲಿ ಶೇ 12ಕ್ಕೆ ಒಣಗಿದ ಸೌದೆ ಸೂರಿನ ಕೆಳಗೆ ಇದ್ದರೆ, ಇಡೀ ಮಳೆಗಾಲ ಗಾಳಿಯ ತೇವ ಹೀರಿದರೂ 18-20ಕ್ಕಿಂತ ಮೇಲೆ ಹೋಗುವುದು ಕಷ್ಟ. ಆಗಲೂ ಒಲೆಗೆ ಆಗುತ್ತದೆ. ಆದ್ದರಿಂದ ಮುಂದಿನ ಮಳೆಗಾಲದ ಸೌದೆ ಈ ಡಿಸೆಂಬರ್-ಜನವರಿಯಲ್ಲಿ ಸೀಳಿ ಆಗಿರಬೇಕು. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಎರಡೂ ಇರುವ ತಿಂಗಳು, ಆಳು ಸಿಗುವುದಿಲ್ಲ ಅನ್ನುವುದು ಗೊತ್ತು. ಆದರೂ ಬೇರೆ ದಾರಿ ಇಲ್ಲ. ಮೇ ತಿಂಗಳ ಮರಗಸಿ ಸೌದೆ ಬೇಕಾದಷ್ಟು ಬರಲಿ, ಅದನ್ನು ಆಗಲೇ ತುಂಡು ಮಾಡಿ ಸೀಳಿ ಸೂರಿನಡಿ ಇಡಿ. ಅದರ ಸರದಿ ಅದರ ಮುಂದಿನ ವರ್ಷದ ಜೂನ್‌ಗೆ. ಹೊಸದನ್ನು ಹಳೆಯದರ ಮೇಲೆ ಒಟ್ಟಬೇಡಿ, ಸಾಲು ಬೇರೆ ಇರಲಿ.

ಡಿಸೆಂಬರ್‌ನಿಂದ ಮೇವರೆಗೆ ಕಾಡಂಚಿನಲ್ಲಿ ಸೌದೆ, ದರಗು ಅಂತ ಓಡಾಡುವಾಗ ಉಣುಗಿನ ಬಗ್ಗೆ ಎಚ್ಚರ ಇರಲಿ. ಉಣುಗು ಕಚ್ಚಿ ಮಂಗನ ಕಾಯಿಲೆ ಹರಡುವ ಕಾಲವೂ ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ನಿಮ್ಮ ತಾಲ್ಲೂಕಿಗೂ ಹೊಸದಲ್ಲ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಉದ್ದ ತೋಳಿನ ಬಟ್ಟೆ ಹಾಕಿಕೊಂಡು ಹೋಗಿ. ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ. ಸೌದೆ ತರುವ ಆಳುಗಳಿಗೂ ಎಣ್ಣೆ ಕೊಡಿ.

ಒಟ್ಟುವುದು ಹೇಗೆ? ನೀವು ಟಾರ್ಪಾಲ್ ನಾಲ್ಕೂ ಕಡೆ ಸುತ್ತಿದ್ದು ಮಳೆ ನೀರನ್ನು ಹೊರಗಿಟ್ಟಿತು, ಸೌದೆಯ ನೀರನ್ನು ಒಳಗೇ ಇಟ್ಟಿತು. ಈಗ ಬಿಚ್ಚಿ ನೋಡಿ. ಟಾರ್ಪಾಲ್ ಒಳಮೈಯಲ್ಲಿ ಹನಿ ಇರುತ್ತದೆ, ತುಂಡಿನ ತುದಿಗಳಲ್ಲಿ ಬಿಳಿ ಬೂಸ್ಟು ಬಂದಿರುತ್ತದೆ. ಸೌದೆಗೆ ತಲೆ ಮೇಲೆ ಸೂರು ಬೇಕು, ಮೈಗೆ ಗಾಳಿ ಬೇಕು. ಶೀಟ್ ಹಾಕಿದ ಸಣ್ಣ ಕೊಟ್ಟಿಗೆ ಸಾಕು. ಕೆಳಗೆ ಕಲ್ಲಿಟ್ಟು, ಅದರ ಮೇಲೆ ಎರಡು ಅಡಿಕೆ ಮರ ಮಲಗಿಸಿ ಹಳಿ ಮಾಡಿಕೊಳ್ಳಿ. ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ. ಗೆದ್ದಲಿಗೆ ಇದೇ ಮದ್ದು. ಸೌದೆಗೆ ಗೆದ್ದಲಿನ ಔಷಧಿ ಹೊಡೆಯಬೇಡಿ. ಅದೇ ಸೌದೆಯನ್ನು ಆಮೇಲೆ ಮನೆಯೊಳಗೆ ಸುಡುತ್ತೀರಿ, ಅಲ್ವಾ?

ಸಾಲು ಒಂದೇ ತುಂಡಿನ ಅಗಲ ಇರಲಿ. ಎರಡು ಸಾಲು ಮಾಡುವುದಿದ್ದರೆ ನಡುವೆ ಒಂದು ಗೇಣು ಬಿಡಿ. ಕೊಯ್ದ ತುದಿ ಗಾಳಿ ಬರುವ ಕಡೆಗೆ ಮುಖ ಮಾಡಿರಲಿ. ಗೋಡೆಗೆ ಒತ್ತಿ ಒಟ್ಟಬೇಡಿ. ತುಂಡುಗಳನ್ನು ಬಿಗಿಯಾಗಿ ಜೋಡಿಸಿ ಅಂದ ನೋಡುವ ಅಗತ್ಯವಿಲ್ಲ, ಸಂದಿ ಇದ್ದಷ್ಟೂ ಒಳ್ಳೆಯದು. ಮೇ ಕೊನೆಯವರೆಗೆ ಸುತ್ತಲೂ ತೆರೆದಿರಲಿ. ಮುಂಗಾರು ಶುರುವಾಗುವ ಹೊತ್ತಿಗೆ ಪಡುವಣ ಕಡೆಯ ಎರಚಲು ತಡೆಯಲು ಸೋಗೆ ತಟ್ಟಿ ಕಟ್ಟಿ. ಉಳಿದ ಕಡೆ ಹಾಗೇ ಇರಲಿ. ರಾಶಿಗೆ ಕೈ ಹಾಕುವ ಮುಂಚೆ ಒಂದು ಕೋಲಿನಿಂದ ತಟ್ಟಿ. ಹಾವು, ಚೇಳು ಎರಡಕ್ಕೂ ಅಂಥ ಜಾಗ ಇಷ್ಟ.

ಎಷ್ಟು ಸೌದೆ ಬೇಕು ಅಂತ ನೀವು ಕೇಳಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ. ಚಿಕ್ಕ ಒಲೆಗೆ ಗಂಟೆಗೆ ಒಂದೂವರೆ ಕೆ.ಜಿ. ಅಂತ ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ ಆರು ಕೆ.ಜಿ. ನಾಲ್ಕು ತಿಂಗಳಿಗೆ 720 ಕೆ.ಜಿ. ಒಣ ಸೌದೆ. ಮೊದಲು ಹೇಳಿದ ಹತ್ತಕ್ಕೆ ಆರರ ಲೆಕ್ಕದಲ್ಲಿ ಹಸಿ ತೂಕ 1,200 ಕೆ.ಜಿ. ಅಂದರೆ ಅಮ್ಮನ ಕೋಣೆಗೆ ಬೇಕಾದ್ದು ಅಷ್ಟೇ. ಇಡೀ ವರ್ಷದ ಮರಗಸಿಯನ್ನು ಇಷ್ಟು ಕಾಳಜಿಯಿಂದ ಸೀಳಿ ಒಣಗಿಸುವ ಅಗತ್ಯವಿಲ್ಲ. ಉಳಿದದ್ದು ಬಚ್ಚಲಿಗೆ, ಅಡಿಕೆ ಬೇಯಿಸುವ ಒಲೆಗೆ ಹೋಗಲಿ.

ಒಣಗಿದೆ ಅಂತ ತಿಳಿಯುವುದಕ್ಕೆ ನಾನು ಹೆಚ್ಚು ನಂಬುವುದು ತಕ್ಕಡಿಯನ್ನು. ಒಟ್ಟುವ ದಿನ ಸಾಲಿನ ನಡುವಿಂದ ಒಂದು ಸಾಧಾರಣ ತುಂಡು ತೆಗೆದು ತೂಗಿ, ತೂಕವನ್ನು ಅದರ ಮೇಲೇ ಬರೆದು, ವಾಪಸ್ ಅಲ್ಲೇ ಇಡಿ. ಹದಿನೈದು ದಿನಕ್ಕೊಮ್ಮೆ ತೂಗಿ. ಮೊದಮೊದಲು ತೂಕ ಸರಸರ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಮಾರ್ಚ್-ಏಪ್ರಿಲ್ ಬಿಸಿಲಿನಲ್ಲೂ ಎರಡು ಸಲ ಒಂದೇ ತೂಕ ಬಂದರೆ ಒಣಗಿತು ಅಂತ ಅರ್ಥ. ಆಗ ಎರಡು ತುಂಡು ಒಂದಕ್ಕೊಂದು ಬಡಿದರೆ ಟಣ್ ಅನ್ನುತ್ತದೆ, ಹಸಿಯಾಗಿದ್ದರೆ ದೊಪ್ ಅನ್ನುತ್ತದೆ. ತುದಿಯಲ್ಲಿ ಬಿರುಕು ಬಿಟ್ಟಿದೆ ಅಂತ ನಂಬಬೇಡಿ. ತುದಿ ಯಾವಾಗಲೂ ಮೊದಲು ಒಣಗುತ್ತದೆ, ಒಳಗೆ ನೀರಿದ್ದರೂ ಬಿರುಕು ಬರುತ್ತದೆ.

ಎರಡು ಮುಳ್ಳಿನ ತೇವಾಂಶ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಇದ್ದರೆ ಒಳ್ಳೆಯದೇ. ಆದರೆ ಹೊರಮೈಗೆ ಚುಚ್ಚಿ ನೋಡಿದರೆ ಅದು ಸುಳ್ಳು ಹೇಳುತ್ತದೆ. ತುಂಡನ್ನು ಅಲ್ಲೇ ಸೀಳಿ, ಹೊಸ ಮುಖದ ನಡುವೆ, ಮರದ ನಾರಿನ ಉದ್ದಕ್ಕೆ ಚುಚ್ಚಬೇಕು. 20ರ ಒಳಗೆ ಬಂದರೆ ಒಲೆಗೆ ಹಾಕಿ. 25 ಬಂದರೆ ಇನ್ನಷ್ಟು ದಿನ ಬಿಡಿ. 30 ದಾಟಿದರೆ ಅಂಕಿಯನ್ನೇ ನೋಡಬೇಡಿ, ಅಲ್ಲಿಂದ ಮೇಲೆ ಮೀಟರ್ ಲೆಕ್ಕ ಸರಿ ಇರುವುದಿಲ್ಲ. ಸುಮ್ನೆ ‘ಹಸಿ’ ಅಂತ ತಿಳಿದುಕೊಳ್ಳಿ.

ಇದೆಲ್ಲ ಮುಂದಿನ ವರ್ಷಕ್ಕಾಯಿತು. ಈ ಜುಲೈಗೆ ಏನು ಮಾಡುವುದು? ಟಾರ್ಪಾಲ್ ಬಿಚ್ಚಿ, ರಾಶಿಯನ್ನು ಸೂರಿನಡಿಗೆ ಸಾಗಿಸಿ. ಅದರಲ್ಲಿ ತೆಳ್ಳನೆಯ ಸಿಲ್ವರ್ ಓಕ್ ಆರಿಸಿ, ಎರಡು ಬೆರಳು ದಪ್ಪಕ್ಕೆ ಮತ್ತೆ ಸೀಳಿ. ಅದನ್ನು ಬಚ್ಚಲು ಒಲೆಯ ಮೇಲಿನ ಅಟ್ಟದಲ್ಲಿ ಇಡಿ. ನಮ್ಮ ಹಿರಿಯರು ಒಲೆಯ ಮೇಲೆ ಅಟ್ಟ ಕಟ್ಟಿದ್ದು ಇಂಥದ್ದಕ್ಕೇ. ಅಲ್ಲಿನ ಬಿಸಿ ಗಾಳಿಯಲ್ಲಿ ತೇವ ಕಮ್ಮಿ, ತೆಳ್ಳನೆ ಸೀಳು ಎರಡು ಮೂರು ವಾರದಲ್ಲಿ ಹದಕ್ಕೆ ಬರುತ್ತದೆ. ಒಂದಿಷ್ಟನ್ನು ಅಮ್ಮನ ಒಲೆಯ ಪಕ್ಕದಲ್ಲೂ ಇಡಬಹುದು. ಆದರೆ ಒಲೆಯಿಂದ ಎರಡು ಮೂರು ಅಡಿ ದೂರ ಇರಲಿ. ಒಲೆಯ ಮೇಲೆ ಮಾತ್ರ ಸೌದೆ ಇಡಬೇಡಿ. ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಅದೇ ಹೊತ್ತಿಕೊಂಡಿರುತ್ತದೆ.

ಉರಿಸುವ ರೀತಿಯೂ ಬದಲಾಗಬೇಕು. ರಾತ್ರಿಯಿಡೀ ಬೆಚ್ಚಗಿರಲಿ ಅಂತ ಗಾಳಿ ಕಿಂಡಿ ಮುಚ್ಚಿ ಸೌದೆ ತುಂಬುತ್ತಿದ್ದೀರಿ ಅಂತ ಊಹೆ. ಎಲ್ಲರೂ ಹಾಗೇ ಮಾಡುತ್ತಾರೆ. ಗಾಳಿ ಸಾಲದೆ ಕುಮುಲುವ ಬೆಂಕಿಯಿಂದಲೇ ಟಾರು ಜಾಸ್ತಿ. ಅದರ ಬದಲು ಸ್ವಲ್ಪ ಸೌದೆ ಹಾಕಿ, ಕಿಂಡಿ ಪೂರ್ತಿ ತೆರೆದು, ಜೋರಾಗಿ ಉರಿಸಿ. ಉರಿ ಚೆನ್ನಾಗಿ ಹಿಡಿದ ಮೇಲೆ ಕಿಂಡಿ ಅರ್ಧ ಮಾಡಿ. ಸಂಜೆ ಎರಡು ಗಂಟೆ ಬಿರುಸಾಗಿ ಉರಿದ ಒಲೆ ಕೋಣೆಯ ಗೋಡೆಯನ್ನೂ ಕಾಯಿಸುತ್ತದೆ. ರಾತ್ರಿಯೆಲ್ಲ ಹೊಗೆಯಾಡುವ ಒಲೆಗಿಂತ ಅದು ಮೇಲು. ತುಂಡಿನ ತುದಿಯಲ್ಲಿ ನೊರೆ ಬಂದು ಸುಯ್ ಅಂತ ಸದ್ದಾದರೆ ಅಂಥ ತುಂಡನ್ನು ಮತ್ತೆ ಅಟ್ಟಕ್ಕೆ ಕಳಿಸಿ.

ಪೈಪಿನ ವಿಷಯ. ಮೇಲಿನ ಪೈಪಿನ ಕೆಳತುದಿ ಕೆಳಗಿನ ಪೈಪಿನ ಒಳಗೆ ಕೂತಿರಬೇಕು. ಆಗ ಒಳಗೆ ಇಳಿಯುವ ನೀರು ಒಳಗೇ ಇಳಿದು ಒಲೆಗೆ ಬಿದ್ದು ಸುಟ್ಟುಹೋಗುತ್ತದೆ. ಹೊಗೆ ಹೊರಗೆ ಬಾರದಿರಲಿ ಅಂತ ಉಲ್ಟಾ ಕೂರಿಸುವ ಫಿಟ್ಟರ್‌ಗಳು ಇದ್ದಾರೆ. ನಿಮ್ಮಲ್ಲಿ ಸಂದಿಯಿಂದ ಸೋರುತ್ತಿದೆ ಅಂದರೆ ಹಾಗೇ ಆಗಿರುವ ಸಾಧ್ಯತೆ ಹೆಚ್ಚು. ಬಿಚ್ಚಿ ಸರಿ ಮಾಡಿಸಿ. ಬಿಚ್ಚಿದಾಗಲೇ ಒಳಗೆ ಕಟ್ಟಿದ ಮಸಿಯನ್ನು ಬ್ರಷ್ ಹಾಕಿ ತೆಗೆಸಿ. ಒಣ ಹುಡಿ ಮಸಿ ಇದ್ದರೆ ಭಯವಿಲ್ಲ. ಹೊಳೆಯುವ, ಟಾರಿನಂಥ ಪದರ ಇದ್ದರೆ ಅದು ಸ್ವತಃ ಉರುವಲು. ಒಂದು ದಿನ ಕಿಡಿ ತಾಗಿ ಪೈಪಿನೊಳಗೇ ಬೆಂಕಿ ಹತ್ತುತ್ತದೆ. ಪೈಪ್ ಮರದ ಜಂತೆಯ ಪಕ್ಕದಲ್ಲಿ ಮೇಲೆ ಹೋಗಿದ್ದರೆ ಮನೆಗೇ ಅಪಾಯ. ತೆಗೆಸುವವರೆಗೆ ಒಲೆ ಹಚ್ಚಬೇಡಿ.

ಅಷ್ಟು ದಿನ ಅಮ್ಮನಿಗೆ ಚಳಿ ಆಗುತ್ತದೆ ಅಂತ ಬಾಣಲೆಯಲ್ಲೋ ಅಗ್ಗಿಷ್ಟಿಕೆಯಲ್ಲೋ ಕೆಂಡ ತುಂಬಿ ಕೋಣೆಯಲ್ಲಿಟ್ಟು ಬಾಗಿಲು ಹಾಕಬೇಡಿ. ಕೆಂಡ ಹೊಗೆಯಾಡದಿದ್ದರೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಬಿಸಿನೀರಿನ ಚೀಲ ಸಾಕು. ಒಲೆ ಮತ್ತೆ ಶುರು ಮಾಡಿದ ಮೇಲೂ ಕೋಣೆಯಲ್ಲಿ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಡಿ. ಕಿಟಕಿ ಬೆರಳಷ್ಟಾದರೂ ತೆರೆದಿರಲಿ. ಬೂದಿಯನ್ನು ಕಬ್ಬಿಣದ ಬಕೆಟ್‌ನಲ್ಲಿ ತುಂಬಿ ಹೊರಗೆ ಇಟ್ಟು, ಪೂರ್ತಿ ಆರಿದ ಮೇಲೆ ತೋಟಕ್ಕೆ ಹಾಕಿ.

ಕೊನೆಗೆ ಪಿಕಪ್‌ನವರ ‘ಎರಡು ವರ್ಷದ ಹಳೇ ಸೌದೆ’. ಅವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಎರಡು ವರ್ಷ ದಿಮ್ಮಿಯಾಗಿ ಬಿದ್ದಿದ್ದು ಹೋದ ವಾರ ಸೀಳಿದ್ದಿರಬಹುದು. ಅದನ್ನು ಹಳೇ ಸೌದೆ ಅಂತ ಲೆಕ್ಕ ಹಿಡಿಯಲು ಆಗುವುದಿಲ್ಲ. ಎಷ್ಟು ವರ್ಷ ಅಂತ ಕೇಳಬೇಡಿ, ಸೀಳಿದ್ದು ಯಾವಾಗ ಅಂತ ಕೇಳಿ. ಕೊಡಲಿ ಜೊತೆಯಲ್ಲಿ ಒಯ್ದು, ಲೋಡಿನ ಮೇಲಿನದ್ದಲ್ಲ, ನಡುವಿಂದ ಅವರ ಎದುರಿಗೇ ಒಂದು ತುಂಡು ತೆಗೆದು ಸೀಳಿ. ಹೊಸ ಮುಖವನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನ್ನಿಸಿದರೆ ಹಸಿ. ಮೀಟರ್ ಇದ್ದರೆ ಚುಚ್ಚಿ. ವ್ಯಾಪಾರ ತೂಕದಲ್ಲೋ ಲೋಡಿನಲ್ಲೋ ಅನ್ನುವುದೂ ಮುಖ್ಯ. ಹಸಿ ಸೌದೆ ತೂಕದ ಲೆಕ್ಕದಲ್ಲಿ ಕೊಂಡರೆ ಟನ್ನಿಗೆ 400 ಕೆ.ಜಿ. ನೀರಿಗೆ ದುಡ್ಡು ಕೊಟ್ಟ ಹಾಗೆ. ಅದು ನಿಮ್ಮ ಕೊಟ್ಟಿಗೆಯಲ್ಲಿ ಆರಿ ಹೋಗುತ್ತದೆ. ಒಣಗಿದ್ದಾದರೆ ತೂಕಕ್ಕೆ ತೆಗೆದುಕೊಳ್ಳಿ, ನಾಲ್ಕು ಕಾಸು ಜಾಸ್ತಿಯಾದರೂ ಪರವಾಗಿಲ್ಲ. ಹಸಿ ಅಂತ ಗೊತ್ತಾದರೆ ಲೋಡಿನ ಲೆಕ್ಕಕ್ಕೆ ಕಮ್ಮಿ ದರಕ್ಕೆ ಕೇಳಿ, ಮುಂದಿನ ವರ್ಷದ ಸಾಲಿಗೆ ಸೇರಿಸಿ.